ಹದಿನೇಳು ವರ್ಷದ ಅನ್ನ

ಬೇಗೂರಿನ ಸೀಮೆಯಲ್ಲಿ ಸಂಗೀತದ ಮಾತು ಹೊರಟಾಗಲೆಲ್ಲ ಯಾರಾದರೊಬ್ಬರು "ಪಿಟೀಲು ಚೌಡಯ್ಯನವರು ನಮ್ಮ ಕಡೆಯವರೇ ಅಲ್ಲವೆ?" ಎಂದು ಹೇಳದೆ ಬಿಡುವುದಿಲ್ಲ. ಮಾತು ಸುಳ್ಳಲ್ಲ. 1997ರಲ್ಲಿ ಚಾಮರಾಜನಗರವು ಬೇರೆ ಜಿಲ್ಲೆಯಾಗುವವರೆಗೆ ಗುಂಡ್ಲುಪೇಟೆ, ತಿರುಮಕೂಡಲು ನರಸೀಪುರ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದುವು. ಗುಂಡ್ಲು ಹೊಳೆಯ ನೀರು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ನೀರಿನ ನೆಂಟಸ್ತನವಾದರೂ ಇದ್ದೇ ಇದೆ. ಆದರೆ "ನಮ್ಮವರು" ಎಂದು ಹಕ್ಕು ಹೂಡುವ ಮಹನೀಯರು, ಆ ನಮ್ಮವರನ್ನು ವಿದ್ವಾಂಸರನ್ನಾಗಿ ಮಾಡಿದ ವೆಚ್ಚದಲ್ಲಿ ತಮ್ಮ ಕಡೆಯ ಪಾಲೆಷ್ಟು ಎಂದು ಎಂದಾದರೂ ಲೆಕ್ಕ ಹಾಕಿದ್ದುಂಟೆ? ಹೆಮ್ಮೆಪಡುವುದಕ್ಕೆ ಕಾಸು ಬೇಕಾಗಿಲ್ಲ. ಒಬ್ಬ ಹುಡುಗನು ವಿದ್ವಾಂಸನಾಗುವುದಕ್ಕೆ ಬೇಕು, ಬಹಳ ಬೇಕು.

ಚರಿತ್ರೆಯ ಸಂಗತಿ ಇಷ್ಟು. ಚೌಡಯ್ಯನವರು 1895ರಲ್ಲಿ ತಿರುಮಕೂಡಲಿನ ಒಂದು ಒಕ್ಕಲಿಗ ಕುಟುಂಬದಲ್ಲಿ ಹುಟ್ಟಿದರು. 1910ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ದಕ್ಷಿಣದ ಪಿಟೀಲುಗಾರರಲ್ಲಿ ಮೊದಲ ಸಾಲಿನವರೆಂದು ಅವರಿಗೆ ಹೆಸರು ನಿಂತದ್ದು 1927ರ ಹೊತ್ತಿಗೆ. ನಡುವಿನ ಅವಧಿ ಹದಿನೇಳು ವರ್ಷ. ಮುಂದೆ ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದವರ ಪಕ್ಕದಲ್ಲಿ ಅವರು ನುಡಿಸಿದ ಕಚೇರಿಗಳಾಗಲಿ, 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಕೊಟ್ಟ ಸಂಗೀತ ಕಲಾನಿಧಿ ಬಿರುದಾಗಲಿ, 1967ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾಡೆಲ್ಲ ಹಾಡಿದ ಸ್ತುತಿಯಾಗಲಿ ಎಲ್ಲರಿಗೂ ತಿಳಿದದ್ದೇ. ಪತ್ರಿಕೆಗಳಲ್ಲಿ ಬರುವ ಸ್ಮರಣ ಲೇಖನಗಳು ಈ ಉತ್ತರಾರ್ಧವನ್ನು ವಿಸ್ತಾರವಾಗಿ ಬಣ್ಣಿಸಿ, ಮೊದಲಿನ ಹದಿನೇಳು ವರ್ಷಗಳನ್ನು "ಕಠಿಣ ಸಾಧನೆ ಮಾಡಿದರು" ಎಂಬ ಮೂರು ಪದಗಳಲ್ಲಿ ಮುಗಿಸಿಬಿಡುತ್ತವೆ. ವಿಚಾರ ಮಾಡತಕ್ಕದ್ದಿರುವುದು ಆ ಮೂರು ಪದಗಳ ವಿಷಯವಾಗಿಯೇ.

ಅವುಗಳ ಜಾಗದಲ್ಲಿ ಸಾಮಾನ್ಯವಾಗಿ ಇನ್ನೊಂದು ವಿವರಣೆಯನ್ನು ಇಡುತ್ತಾರೆ. ಅದು ದೈವದತ್ತವಾದ ಪ್ರತಿಭೆ; ಪೂರ್ವಜನ್ಮದ ಸಂಸ್ಕಾರ. ಪ್ರತಿಭೆಯಿದ್ದವನು ಎಲ್ಲಿದ್ದರೂ ಬೆಳಗಿಯೇ ಬೆಳಗುತ್ತಾನೆ, ಯಾರೂ ತಡೆಯಲಾರರು ಎಂಬ ಸಿದ್ಧಾಂತವು ಸುಶಿಕ್ಷಿತ ಗೃಹಸ್ಥರಿಗೆ ಬಲು ಪ್ರಿಯವಾದುದು. ಪ್ರಿಯವಾಗಿರುವುದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ: ಅದನ್ನು ಒಪ್ಪಿದವನು ಕಿಸೆಗೆ ಕೈ ಹಾಕಬೇಕಾಗಿಲ್ಲ. ಬೆಳಗಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ; ಹದಿನಾರನೆಯ ವಯಸ್ಸಿನಲ್ಲಿ ಪಿಟೀಲನ್ನು ಗೂಟಕ್ಕೆ ನೇತುಹಾಕಿ ಗದ್ದೆಗೋ ಅಂಗಡಿಗೋ ಹೋದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಗೆದ್ದವರನ್ನು ಮಾತ್ರ ಎಣಿಸಿ, ಎಲ್ಲರೂ ಗೆಲ್ಲುತ್ತಾರೆಂದು ತೀರ್ಮಾನಿಸುವುದು ಯಾವ ತರ್ಕ?

ಇನ್ನು ಅನ್ನದ ವಿಚಾರ. ಚೌಡಯ್ಯನವರ ಗುರುವಿನ ಕಥೆಯನ್ನೇ ಮೊದಲು ನೋಡಬಹುದು. ಕೃಷ್ಣಪ್ಪನವರು ತೆಂಕಣದ ನಂದಳಿಕೆಯವರು, ಕಡುಬಡವರ ಮಗ. ಹಸಿದ ಹೊಟ್ಟೆಯಲ್ಲಿ ದೇವಸ್ಥಾನದಲ್ಲಿ ಹಾಡುತ್ತ ಕುಳಿತಿದ್ದ ಈ ಬಾಲಕನ ಕಂಠವನ್ನು ಮೈಸೂರಿನ ವರ್ತಕರೊಬ್ಬರು ಕೇಳಿ, ಮನೆಗೆ ಕರೆದೊಯ್ದು, ಪಾಠದ ಏರ್ಪಾಡು ಮಾಡಿದರೆಂದು ಸಂಗೀತಗಾರರ ವಲಯದಲ್ಲಿ ಹೇಳುತ್ತ ಬಂದಿದ್ದಾರೆ. ಮುಂದೆ ಕೃಷ್ಣಪ್ಪನವರು ಆಸ್ಥಾನ ವಿದ್ವಾಂಸರಾದರು. ದಾಸರ ಪದಗಳನ್ನು ಕಚೇರಿಯಲ್ಲಿ ಗೌರವದಿಂದ ಹಾಡಿ, ಕನ್ನಡಕ್ಕೆ ವೇದಿಕೆಯ ಮೇಲೆ ಮಣೆ ಹಾಕಿಸಿದರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅವರ ಮನೆಯ ಒಲೆ ಅರಮನೆಯ ಸಂಭಾವನೆಯಿಂದ ಉರಿಯುತ್ತಿತ್ತು. ಆದುದರಿಂದ ಶಿಷ್ಯನು ತಿಂಗಳಿಗೆ ಎಷ್ಟು ಕೊಡುತ್ತಾನೆ, ಈ ಹುಡುಗನ ಗಂಟೆ ಮುಗಿಯಿತೆ, ಮುಂದಿನವನು ಬಾಗಿಲಲ್ಲಿ ಕಾಯುತ್ತಿರುವನೆ ಎಂಬ ಚಿಂತೆ ಅವರಿಗಿರಲಿಲ್ಲ. ಬೆಳಗಿನ ಜಾವದಲ್ಲಿ ಶಿಷ್ಯನನ್ನು ಎಬ್ಬಿಸಿ, ತಪ್ಪಿದ ಒಂದು ಸಂಗತಿಯನ್ನು ಸರಿಹೋಗುವವರೆಗೆ ನುಡಿಸಿ, ಸಂಜೆ ಕಚೇರಿಗೆ ಜೊತೆಯಲ್ಲಿ ಕರೆದೊಯ್ಯುವುದು ಅವರಿಗೆ ಸಾಧ್ಯವಾಯಿತು. ವರ್ತಕನ ಅನ್ನದಿಂದ ಗುರು, ಅರಮನೆಯ ಅನ್ನದಿಂದ ಶಿಷ್ಯ. ಇದರಲ್ಲಿ ಪೂರ್ವಜನ್ಮದ ಪಾತ್ರವೇನಿದ್ದರೂ ಇರಲಿ, ಈ ಜನ್ಮದ ಅಕ್ಕಿಯ ಪಾತ್ರವನ್ನು ಮರೆಯುವಂತಿಲ್ಲ.

ಗುರುಕುಲವೆಂದ ಕೂಡಲೆ ಕಣ್ಣು ಅರೆಮುಚ್ಚಿ ತಲೆದೂಗುವವರ ಪಕ್ಷವನ್ನು ಇಲ್ಲಿ ವಹಿಸುತ್ತಿಲ್ಲ. ಕೃಷ್ಣಪ್ಪನವರ ಶಿಸ್ತು ಕಠಿಣವಾಗಿತ್ತೆಂಬುದು ಪ್ರಸಿದ್ಧ. ಆ ಕಾಲದ ಗುರುಕುಲಗಳಲ್ಲಿ ನೀರು ಸೇದಿ, ಬಟ್ಟೆ ಒಗೆದು, ಬೈಗುಳ ತಿಂದು, ಕೊನೆಗೆ ಪಾಠವನ್ನೂ ಕಾಣದೆ ಹಿಂದಿರುಗಿದ ಹುಡುಗರಿರಲಿಲ್ಲವೆನ್ನಲಾಗದು. ಪೆಟ್ಟಿನಿಂದ ವಿದ್ವತ್ತು ಬರುತ್ತದೆಂದು ನಂಬುವವರು ಕೋಲಿನ ವ್ಯಾಪಾರ ಮಾಡಬಹುದು. ಗುರುಕುಲದಿಂದ ಉಳಿಸಿಕೊಳ್ಳತಕ್ಕದ್ದು ಅದಲ್ಲ. ಬಿಡುವಿಲ್ಲದ ಸಹವಾಸವೂ, ಆ ಸಹವಾಸವನ್ನು ಸಾಧ್ಯವಾಗಿಸಿದ ಹೊಟ್ಟೆಯ ನಿಶ್ಚಿಂತೆಯೂ ಉಳಿಯತಕ್ಕ ಅಂಶಗಳು.

ಸಹವಾಸವೇಕೆ ಅಷ್ಟು ದೀರ್ಘವಾಗಿರಬೇಕು? ಪಿಟೀಲಿನ ಕೆಲಸವನ್ನು ಸ್ವಲ್ಪ ಗಮನಿಸಿದರೆ ತಿಳಿಯುತ್ತದೆ. ವಾದ್ಯವು ಪರದೇಶದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಕರ್ನಾಟಕ ಸಂಗೀತಕ್ಕೆ ಬಂದು, ಕೆಲವೇ ತಲೆಮಾರುಗಳಲ್ಲಿ ಮನೆಯ ಮಗನಾಯಿತು. ಯೂರೋಪಿನವರು ಅದನ್ನು ಗಲ್ಲದ ಕೆಳಗೆ ಒತ್ತಿ ನಿಂತು ನುಡಿಸುತ್ತಾರೆ. ಇಲ್ಲಿಯವರು ಕುಳಿತು, ಅದರ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ ನುಡಿಸುತ್ತಾರೆ. ಹೀಗೆ ಎಡಗೈಗೆ ವಾದ್ಯವನ್ನು ಹಿಡಿಯುವ ಹೊರೆ ತಪ್ಪಿ, ತಂತಿಯ ಮೇಲೆ ಉದ್ದಕ್ಕೂ ಜಾರಿ ಗಮಕವನ್ನು ತೆಗೆಯುವ ಸ್ವಾತಂತ್ರ್ಯ ದೊರೆಯುತ್ತದೆ. ವೀಣೆಗಿರುವಂತೆ ಮೆಟ್ಟಲುಗಳಿಲ್ಲ, ಸ್ವರಸ್ಥಾನವೆಲ್ಲಿದೆಯೆಂದು ಬೆರಳಿಗೆ ಹೇಳುವುದು ಕಿವಿಯೊಂದೇ. ಅದರ ಮೇಲೆ ಪಕ್ಕವಾದ್ಯದ ಧರ್ಮ. ಗಾಯಕನು ಇಂದು ಯಾವ ರಾಗವನ್ನು ಎತ್ತಿಕೊಳ್ಳುವನೋ ಮೊದಲೇ ತಿಳಿಯದು. ಕೂಡಿ ಅಭ್ಯಾಸ ಮಾಡಿಕೊಂಡು ಬರುವ ಪದ್ಧತಿಯೂ ಇಲ್ಲ. ಆಲಾಪನೆಯಲ್ಲಿ ಅವನ ಬಾಯಿಂದ ಹೊರಟ ಸಂಚಾರವನ್ನು ಅರೆ ಉಸಿರಿನಷ್ಟು ಹಿಂದೆಯೇ ಬಿಲ್ಲಿನಲ್ಲಿ ಹಿಡಿಯಬೇಕು. ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಉತ್ತರ ಕೊಡಬೇಕು. ಕೊಡುವಾಗ ಅವನನ್ನು ಮೀರಿಸಿದಂತೆಯೂ ಇರಬಾರದು, ಸೋತಂತೆಯೂ ಕಾಣಬಾರದು. ನೂರಾರು ಕೃತಿಗಳು ಕೈಯಲ್ಲಲ್ಲ, ಮೈಯಲ್ಲಿ ಇರಬೇಕು. ಚೌಡಯ್ಯನವರಿಗೆ ಕಲಿಸಿದ ಕೃಷ್ಣಪ್ಪನವರು ಮುಖ್ಯವಾಗಿ ಗಾಯಕರಾಗಿದ್ದುದು ಇಲ್ಲಿ ಅರ್ಥವುಳ್ಳ ಸಂಗತಿ. ಶಿಷ್ಯನು ವರ್ಷಗಟ್ಟಲೆ ಕೇಳಿದ್ದು ಕಂಠವನ್ನು. ಕಲಿತದ್ದು ಬಿಲ್ಲಿನಿಂದ ಹಾಡುವುದನ್ನು. ವಾರಕ್ಕೆರಡು ಬಾರಿ ಮುಕ್ಕಾಲು ಗಂಟೆಯ ಪಾಠಕ್ಕೆ ಇದು ಸಿಕ್ಕುವ ವಸ್ತುವಲ್ಲ.

ದೀರ್ಘ ಶಿಷ್ಯತ್ವವು ಹೊಸತನವನ್ನು ಕೊಲ್ಲುತ್ತದೆಂಬ ಆಕ್ಷೇಪವೂ ಒಂದುಂಟು. ಆಧುನಿಕರ ಬಾಯಲ್ಲಿ ಇದು ಬಹು ಗಂಭೀರವಾಗಿ ಕೇಳಿಸುತ್ತದೆ. ಏಳು ತಂತಿಯ ಪಿಟೀಲನ್ನು ಮಾಡಿಸಿದವರು ಯಾರು? ಗುರುವಿನ ಮನೆಯಿಂದ ಓಡಿಹೋದವರಲ್ಲ. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ದೊಡ್ಡ ಚಪ್ಪರದ ಹಿಂದಿನ ಸಾಲಿನವರಿಗೆ ನಾಲ್ಕು ತಂತಿಯ ನಾದ ಮುಟ್ಟುತ್ತಿರಲಿಲ್ಲ. ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಸ್ಥಾಯಿಭೇದದಿಂದ ಕೂಡಿಸಿ, ಒಂದೇ ಬೆರಳಿನಿಂದ ಎರಡನ್ನೂ ಒತ್ತಿ, ಒಂದೇ ಬಿಲ್ಲಿನಿಂದ ಎರಡನ್ನೂ ಉಜ್ಜಿ ಚೌಡಯ್ಯನವರು ನಾದವನ್ನು ತುಂಬಿಸಿದರು. ಕೇಳುವುದಕ್ಕೆ ಸುಲಭ. ಜೊತೆಯ ಎರಡು ತಂತಿಗಳಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ನಾದವು ಒರಟಾಗುತ್ತದೆ. ಬೆರಳು ಎರಡರ ಮೇಲೂ ಸಮನಾಗಿ ಬೀಳದಿದ್ದರೆ ಅಪಸ್ವರ ಇಮ್ಮಡಿಯಾಗುತ್ತದೆ. ನಾಲ್ಕು ತಂತಿಯನ್ನು ಪೂರ್ತಿಯಾಗಿ ವಶಮಾಡಿಕೊಂಡವನಿಗೆ ಮಾತ್ರ ಏಳನ್ನು ಕಟ್ಟುವ ಧೈರ್ಯ ಬರುತ್ತದೆ. ಮೈಕು ಬಂದ ಮೇಲೆ ಅದರ ಅಗತ್ಯ ಕಡಮೆಯಾಯಿತು. ಇಂದಿನ ಕಚೇರಿಗಳಲ್ಲಿ ನಾಲ್ಕು ತಂತಿಯೇ ರೂಢಿ. ಅದರಿಂದ ಆ ಪ್ರಯೋಗವು ಸಣ್ಣದಾಗುವುದಿಲ್ಲ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಸಂಗೀತ ಸಲ್ಲಬೇಕೆಂಬ ಕಾಳಜಿಯು, ಹಳ್ಳಿಯ ಸಂತೆ ಜಾತ್ರೆಗಳ ಗದ್ದಲವನ್ನು ಬಲ್ಲವನಿಗೆ ಬರುವಂಥದೇ.

"ಇದೆಲ್ಲ ಹಳೆಯ ಕಾಲದ ಮಾತು; ಯೂರೋಪನ್ನು ನೋಡಿ, ಅಲ್ಲಿ ಶಾಲೆಯಿದೆ, ಪಠ್ಯಕ್ರಮವಿದೆ, ಪರೀಕ್ಷೆಯಿದೆ; ಗುರುಕುಲದ ಗೋಜಿಲ್ಲದೆ ವಾದ್ಯಗಾರರು ತಯಾರಾಗುತ್ತಾರೆ" ಎಂದು ಉತ್ತರ ಬರುತ್ತದೆ. ಒಳ್ಳೆಯದು, ಯೂರೋಪನ್ನೇ ನೋಡೋಣವಾಗಲಿ. ಚೆಕ್ ಜನರ ರಾಜಧಾನಿಯಾದ ಪ್ರಾಗ್ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಒಬ್ಬೊಬ್ಬ ಸರದಾರನೂ ತನ್ನ ಮನೆಯಲ್ಲೇ ವಾದ್ಯಗಾರರ ಮೇಳವನ್ನು ಸಾಕುವ ಕಾಲ ಮುಗಿಯುತ್ತ ಬಂದಿತ್ತು. ಆಗ ಅಲ್ಲಿಯ ಸರದಾರರು "ನಮ್ಮ ಕಾಲ ಆಯಿತು" ಎಂದು ಕೈಕಟ್ಟಿ ಕೂರಲಿಲ್ಲ. 1808ರಲ್ಲಿ ಒಂದು ಸಂಘವಾಗಿ ಸೇರಿದರು. ಒಬ್ಬನಿಂದಾಗದುದನ್ನು ಹಲವರು ಹೊತ್ತರು. 1811ರಲ್ಲಿ ಸಂಗೀತ ಶಾಲೆಯ ಪಾಠಗಳು ಪ್ರಾರಂಭವಾದುವು. ಆ ಶಾಲೆ ಇಂದಿಗೂ ಇದೆ.

ಅಲ್ಲಿ ಕಲಿತವರಲ್ಲಿ ಡೇವಿಡ್ ಪೊಪ್ಪರ್ ಎಂಬಾತನೊಬ್ಬ. 1843ರಲ್ಲಿ ಪ್ರಾಗ್‌ನಲ್ಲೇ, ಯಹೂದಿ ದೇವಮಂದಿರದ ಹಾಡುಗಾರನೊಬ್ಬನಿಗೆ ಹುಟ್ಟಿದವನು. ಪಿಟೀಲು ಕಲಿಯಬೇಕೆಂದು ಶಾಲೆಗೆ ಹೋದ ಈ ಹುಡುಗನಿಗೆ, ಸೆಲ್ಲೊ ನುಡಿಸುವವರ ಕೊರತೆಯಿದ್ದುದರಿಂದ ಸೆಲ್ಲೊವನ್ನೇ ಕೊಟ್ಟರೆಂದು ಹೇಳುತ್ತಾರೆ. ಸೆಲ್ಲೊ ಎಂದರೆ ಪಿಟೀಲಿನ ವಂಶದ್ದೇ, ಆದರೆ ಮನುಷ್ಯನ ಎದೆಯೆತ್ತರದ್ದು. ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಮಂದ್ರನಾದದ ವಾದ್ಯ. ಪೊಪ್ಪರನು ಆ ವಾದ್ಯದಲ್ಲಿ ಯೂರೋಪಿನ ಅಗ್ರಗಣ್ಯನಾದನು. ಬುಡಾಪೆಸ್ಟಿನಲ್ಲಿ ಗುರುವಾಗಿ ಕುಳಿತನು. ಬೆರಳಿನ ಅಭ್ಯಾಸಕ್ಕೆಂದು ಅವನು ಬರೆದು 1901ರಿಂದ 1905ರೊಳಗೆ ಅಚ್ಚಾದ ನಲವತ್ತು ಪಾಠಗಳೊಡನೆ ಇಂದಿಗೂ ಸೆಲ್ಲೊ ಕಲಿಯುವವರು ಸೆಣಸುತ್ತಲೇ ಇದ್ದಾರೆ. ಶಾಲೆಯೆಂದ ಮಾತ್ರಕ್ಕೆ ಅಲ್ಲಿ ಅವಸರವಿರಲಿಲ್ಲ. ಕೆಟಲೋನಿಯದ ಪಾಬ್ಲೊ ಕಸಾಲ್ಸ್, ಹದಿಮೂರರ ಹುಡುಗನಾಗಿ 1890ರಲ್ಲಿ ಬಾರ್ಸಿಲೋನದ ಅಂಗಡಿಯೊಂದರಲ್ಲಿ ಬಾಖ್ ಮಹಾಶಯನ ಸೆಲ್ಲೊ ರಚನೆಗಳ ಹಳೆಯ ಪ್ರತಿಯನ್ನು ಕಂಡು ಕೊಂಡನು. ಅವುಗಳಲ್ಲಿ ಒಂದನ್ನು ಸಭೆಯಲ್ಲಿ ನುಡಿಸುವ ಧೈರ್ಯ ತನಗೆ ಬಂದದ್ದು ಸುಮಾರು ಹನ್ನೆರಡು ವರ್ಷ ದಿನವೂ ಸಾಧಿಸಿದ ಮೇಲೆ ಎಂದು ಅವನೇ ಹೇಳಿದ್ದಾನೆ. ಮೈಸೂರಾಗಲಿ ಪ್ರಾಗ್ ಆಗಲಿ ಬಾರ್ಸಿಲೋನವಾಗಲಿ, ಕಾಲದ ಲೆಕ್ಕ ಹೆಚ್ಚುಕಡಮೆ ಒಂದೇ. ಯೂರೋಪಿನಿಂದ ಪರೀಕ್ಷೆಯನ್ನು ತಂದು, ಆ ಪರೀಕ್ಷೆಯ ಹಿಂದಿದ್ದ ಸಂಘವನ್ನು ಅಲ್ಲಿಯೇ ಬಿಟ್ಟುಬಂದವರು ಅರ್ಧವನ್ನೇ ತಂದರು. ಅದೂ ಹಗುರವಾದ ಅರ್ಧವನ್ನು.

ಪರೀಕ್ಷೆಗಳೇನೋ ಧಾರಾಳವಾಗಿವೆ. ಜೂನಿಯರ್, ಸೀನಿಯರ್, ವಿದ್ವತ್ ಎಂದು ಮೆಟ್ಟಲು ಕಟ್ಟಿದ್ದಾರೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ವಿಶ್ವವಿದ್ಯಾನಿಲಯವೇ ಇದೆ. ಇವುಗಳಿಂದ ಉಪಕಾರವಾಗಿಲ್ಲವೆಂದು ಹೇಳುವುದು ಅನ್ಯಾಯ. ಆದರೆ ಮನೆಮನೆಗಳಲ್ಲಿ ನಡೆಯುತ್ತಿರುವುದೇನು? ಮಗುವನ್ನು ಪಾಠಕ್ಕೆ ಸೇರಿಸಿದ ಎರಡನೆಯ ವರ್ಷವೇ ತಾಯಿತಂದೆಗಳಿಗೆ ವೇದಿಕೆ ಬೇಕು, ಫೋಟೋ ಬೇಕು, ಪಾರಿತೋಷಕ ಬೇಕು. ಹತ್ತನೆಯ ತರಗತಿ ಬಂದ ಕೂಡಲೆ ಪಿಟೀಲು ಪೆಟ್ಟಿಗೆಯೊಳಗೆ. ಪೆಟ್ಟಿಗೆ ಅಟ್ಟದ ಮೇಲೆ. ಅಲ್ಲಿಯವರೆಗೆ ಕಲಿತದ್ದು ಮದುವೆಯ ಮಾತುಕತೆಯಲ್ಲಿ ಒಂದು ಅಲಂಕಾರವಾಗಿ ಉಪಯೋಗಕ್ಕೆ ಬರುತ್ತದೆ. ಈ ಗೃಹಸ್ಥರೇ ಡಿಸೆಂಬರಿನಲ್ಲಿ ಮದರಾಸಿಗೆ ಹೋಗಿ, "ಕನ್ನಡನಾಡಿನಿಂದ ಚೌಡಯ್ಯನವರಂಥವರು ಮತ್ತೆ ಹುಟ್ಟಲೇ ಇಲ್ಲ" ಎಂದು ನಿಟ್ಟುಸಿರಿಡುತ್ತಾರೆ. ಹುಟ್ಟುವುದೇನು, ಹುಟ್ಟುತ್ತಲೇ ಇರುತ್ತಾರೆ.

ಬೆಂಗಳೂರಿನಲ್ಲಿ 1980ರಲ್ಲಿ ಚೌಡಯ್ಯನವರ ಹೆಸರಿನ ಸ್ಮಾರಕ ಭವನವೊಂದು ತೆರೆಯಿತು. ಏಳು ತಂತಿಯ ಪಿಟೀಲಿನ ಆಕಾರದಲ್ಲೇ ಕಟ್ಟಿದ ಕಟ್ಟಡ. ಸಾವಿರಕ್ಕೂ ಮಿಕ್ಕಿ ಜನ ಕೂರಬಹುದು. ಪಕ್ಕವಾದ್ಯದ ವಿದ್ವಾಂಸನೊಬ್ಬನಿಗೆ ಇಷ್ಟು ದೊಡ್ಡ ಗುರುತು ಸಂದದ್ದು ಸಂತೋಷದ ಸಂಗತಿ. ಅದನ್ನು ಕಟ್ಟಿಸಿದವರ ಶ್ರದ್ಧೆಯೂ ಮೆಚ್ಚತಕ್ಕದ್ದೇ. ಆದರೂ ಭವನವು ಕಲಿತಾದವನು ನುಡಿಸುವ ಸ್ಥಳ. ಕಲಿಯುವವನು ಉಣ್ಣುವ ಸ್ಥಳವಲ್ಲ. 1947ರಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದು, ಅರಮನೆಯ ಆಶ್ರಯವು ಕ್ರಮೇಣ ಕರಗಿದ ಮೇಲೆ, ಆ ಭಾರವನ್ನು ಸಭೆಗಳು ಹೊತ್ತುವೆಂದು ಹೇಳುವುದುಂಟು. ಸಭೆಗಳು ಹೊತ್ತದ್ದು ಸಿದ್ಧ ವಿದ್ವಾಂಸನ ಒಂದು ಸಂಜೆಯ ಸಂಭಾವನೆಯನ್ನು ಮಾತ್ರ. ಆ ಸಂಜೆಗೆ ಮೊದಲಿನ ಹದಿನೇಳು ವರ್ಷಗಳನ್ನು ಯಾರೂ ಹೊರಲಿಲ್ಲ. ಅವು ಇಂದಿಗೂ ಹಾಗೆಯೇ ಬಿದ್ದಿವೆ.

ಈ ನಾಡಿಗೆ ಹೊರುವುದು ತಿಳಿಯದ ವಿದ್ಯೆಯಲ್ಲ. ಇಂದು ಸುಶಿಕ್ಷಿತವೆನಿಸಿಕೊಂಡ ಎಷ್ಟೋ ಮನೆಗಳ ಅಜ್ಜಂದಿರು ವಾರಾನ್ನದಿಂದ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಉಂಡು, ಕೈತೊಳೆದು, ಬೀದಿಯ ದೀಪದಲ್ಲಿ ಪಾಠ ಓದಿ, ಅಮಲ್ದಾರರೂ ವಕೀಲರೂ ಆದರು. ವಾರಾನ್ನಕ್ಕೆ ಜಾತಿಯ ಬೇಲಿಯಿತ್ತೆಂಬುದು ನಿಜ. ಒಕ್ಕಲಿಗರ ಹುಡುಗನಿಗೂ ಲಿಂಗಾಯತರ ಹುಡುಗನಿಗೂ ಹೊಲೆಯರ ಕೇರಿಯ ಹುಡುಗನಿಗೂ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ಉಚಿತ ವಿದ್ಯಾರ್ಥಿನಿಲಯಗಳು ಎದ್ದುವು. ಮೈಸೂರಿನಲ್ಲಿ ತಾತಯ್ಯನವರೆಂದು ಹೆಸರಾದ ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ಸ್ಥಾಪಿಸಿದರು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಹುಡುಗರಿಗೆ ಉಚಿತ ಊಟವಸತಿಗಳನ್ನು ಒದಗಿಸಿದರು. ಅವುಗಳಲ್ಲಿ ಉಂಡವರು ವೈದ್ಯರಾದರು, ಅಧಿಕಾರಿಗಳಾದರು, ಮೇಷ್ಟರಾದರು. ವೈದ್ಯನಾಗುವವನ ಹಸಿವಿಗೆ ಕರಗುವ ಮನಸ್ಸು ವಾದ್ಯಗಾರನಾಗುವವನ ಹಸಿವಿಗೇಕೆ ಕರಗದು? ಉತ್ತರವು ಸ್ವಲ್ಪ ನಾಚಿಕೆಯದು. ವೈದ್ಯನು ಐದಾರು ವರ್ಷಗಳಲ್ಲಿ ತಯಾರಾಗುತ್ತಾನೆ, ತಯಾರಾದ ಮೇಲೆ ಸಂಪಾದಿಸುತ್ತಾನೆ, ಸಂಪಾದಿಸಿದ ಮೇಲೆ ಊರಿಗೆ ಒದಗುತ್ತಾನೆ. ವಾದ್ಯಗಾರನದು ಹಾಗಲ್ಲ, ಹತ್ತು ವರ್ಷ ಉಣಿಸಿದ ಮೇಲೂ ಅವನು ಸಾಧಾರಣನೆಂದು ತೀರ್ಮಾನವಾಗಬಹುದು. ಆ ನಷ್ಟವನ್ನು ಸಹಿಸುವುದಕ್ಕೆ ಅರಮನೆಗೆ ಆಗುತ್ತಿತ್ತು. ಹತ್ತು ಜನ ಶಿಷ್ಯರಲ್ಲಿ ಒಬ್ಬ ಚೌಡಯ್ಯನಾದರೆ ಉಳಿದ ಒಂಬತ್ತು ಜನರ ಅನ್ನ ದಂಡವೆಂದು ಯಾರೂ ಲೆಕ್ಕ ಬರೆಯುತ್ತಿರಲಿಲ್ಲ. ಅವರು ಊರೂರಿನ ಪಾಠದ ಮೇಷ್ಟರಾಗಿ, ಒಳ್ಳೆಯ ಕೇಳುಗರಾಗಿ ಸಲ್ಲುತ್ತಿದ್ದರು.

"ಗುಂಡ್ಲುಪೇಟೆಯ ಸೀಮೆಯ ಹುಡುಗರಿಗೆ ಶಾಸ್ತ್ರೀಯ ಸಂಗೀತದ ಕಿವಿಯೆಲ್ಲಿ?" ಎಂಬ ಮಾತನ್ನು ಸಭ್ಯರ ಬಾಯಲ್ಲೂ ಕೇಳಬಹುದು. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ತಂಬೂರಿ ಮೀಟುತ್ತ ಬೆಳಗಾಗುವವರೆಗೆ ಹಾಡುವುದನ್ನು, ಮಾದೇಶ್ವರನ ಕಥೆಯನ್ನು ಕಂಸಾಳೆಯ ಗತ್ತಿನಲ್ಲಿ ಎತ್ತುವುದನ್ನು ತೊಟ್ಟಿಲಿನಲ್ಲಿದ್ದಾಗಲೇ ಕೇಳಿ ಬೆಳೆದ ಮಗುವಿಗೆ ಕಿವಿಯಿಲ್ಲವೆಂದರೆ, ಇನ್ನು ಇರುವುದು ಯಾರಿಗೆ? ಶ್ರುತಿಯಲ್ಲಿ ನಿಲ್ಲುವುದೂ, ಒಂದು ರಾತ್ರಿಯಷ್ಟು ಉದ್ದದ ಕಥೆಯನ್ನು ನೆನಪಿನಲ್ಲಿ ಹಿಡಿಯುವುದೂ, ಮುಂದಾಳು ಎತ್ತಿದ ಸೊಲ್ಲನ್ನು ಹಿಮ್ಮೇಳವು ತಪ್ಪದೆ ಹಿಡಿಯುವುದೂ ಪಕ್ಕವಾದ್ಯದ ಮೊದಲ ಮೂರು ಪಾಠಗಳೇ ಅಲ್ಲವೆ? ಅವು ಇಲ್ಲಿ ಬಿಟ್ಟಿಯಾಗಿ ದೊರೆಯುತ್ತಿವೆ. ಬಿಟ್ಟಿಯಾಗಿ ದೊರೆಯದಿರುವುದು ಉಳಿದದ್ದು.

ಆ ಉಳಿದದ್ದಕ್ಕೆ ಸರ್ಕಾರದ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವುದರಲ್ಲಿ ತಪ್ಪಿಲ್ಲ. ನಿಂತೇ ಇರಬೇಕಾಗುತ್ತದೆ, ಅಷ್ಟೆ. ಪ್ರಾಗ್‌ನ ಸರದಾರರು ಮಾಡಿದ್ದನ್ನು ಬೇಗೂರಿನ ಗೃಹಸ್ಥರು ತಮ್ಮ ಅಳತೆಯಲ್ಲಿ ಮಾಡಬಹುದು. ಬೇಗೂರಿನಲ್ಲೂ ಸುತ್ತಣ ಹಳ್ಳಿಗಳಲ್ಲೂ ಅರಿಶಿನ, ಸಣ್ಣ ಈರುಳ್ಳಿ, ಚೆಂಡುಹೂವುಗಳಿಂದ ನಾಲ್ಕು ಕಾಸು ಕಂಡ ಮನೆಗಳು, ಸಂಬಳದ ಮನೆಗಳು, ಮೈಸೂರು ಬೆಂಗಳೂರುಗಳಲ್ಲಿ ನೆಲಸಿಯೂ ಹಬ್ಬಕ್ಕೆ ಊರಿಗೆ ಬರುವ ಮನೆಗಳು, ಎಲ್ಲ ಸೇರಿ ಮೂವತ್ತಾದರೂ ಸಿಕ್ಕಲಾರವೆ? ಹಿಂದಿನವರದು ವಾರಾನ್ನ, ಇದು ತಿಂಗಳಾನ್ನವಾಗಲಿ. ಮೂವತ್ತು ಮನೆಗಳಲ್ಲಿ ಒಂದೊಂದು ಮನೆಗೂ ತಿಂಗಳಿನಲ್ಲಿ ಒಂದು ದಿನ. ಆ ಒಂದು ದಿನದ ಊಟ, ಬಾಡಿಗೆ, ಗುರುದಕ್ಷಿಣೆಗಳ ಪಾಲನ್ನು ಆ ಮನೆ ಕೊಡುತ್ತದೆ. ಹುಡುಗನೋ ಹುಡುಗಿಯೋ ಮೈಸೂರಿನಲ್ಲಿ ಗುರುವಿನ ಮನೆಗೆ ನಡೆದುಹೋಗುವಷ್ಟು ಹತ್ತಿರದ ಕೋಣೆಯಲ್ಲಿದ್ದು ಕಲಿಯಲಿ. ಶಾಲೆಯ ಓದೂ ನಡೆಯಲಿ. ಗುರುವಿಗೆ ಗಂಟೆಯ ಲೆಕ್ಕದಲ್ಲಲ್ಲದೆ ವರ್ಷದ ಲೆಕ್ಕದಲ್ಲಿ ಸಲ್ಲಲಿ. ಅವರೂ ಗಡಿಯಾರ ನೋಡದೆ ಕಲಿಸಲಿ. ಮೊದಲ ಐದು ವರ್ಷ ವೇದಿಕೆಯಿಲ್ಲ, ಪಾರಿತೋಷಕವಿಲ್ಲ, ಅನ್ನ ಕೊಟ್ಟವರ ಮನೆಯ ಗೃಹಪ್ರವೇಶದಲ್ಲಿ ಬಂದು ನುಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಈ ಕೊನೆಯದನ್ನು ಕಾಗದದ ಮೇಲೆಯೇ ಬರೆದಿಡುವುದು ಮೇಲು. ಅದೊಂದೇ ಷರತ್ತಿನಿಂದ ಕೆಲವು ಮನೆಗಳು ಹಿಂದೆ ಸರಿಯುವುದಾದರೆ ಆರಂಭದಲ್ಲೇ ಸರಿಯಲಿ.

ಯಾವ ಮಗುವನ್ನು ಆರಿಸುವುದು, ಯಾರು ಆರಿಸುವುದು, ಜಾತಿಯ ಜಗಳ ಬಾರದೆ, ನೆಂಟರ ಮಕ್ಕಳೇ ಮುಂದೆ ನಿಲ್ಲರೆ ಎಂಬ ಪ್ರಶ್ನೆಗಳು ಏಳುತ್ತವೆ, ಏಳಲೇಬೇಕು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಊರಿಗೆ ಸಂಬಂಧವಿಲ್ಲದ ಇಬ್ಬರು ವಿದ್ವಾಂಸರನ್ನು ಮೈಸೂರಿನಿಂದ ಕರೆಯಿಸಿ, ಮಕ್ಕಳನ್ನು ಪರದೆಯ ಹಿಂದೆ ಕೂರಿಸಿ, ಹೆಸರನ್ನೂ ಮನೆಯನ್ನೂ ಹೇಳದೆ ಹಾಡಿಸಿದರೆ ಸಾಕು. ಕಿವಿಗೆ ಕುಲ ಕಾಣಿಸದು. ಮೊದಲ ವರ್ಷಕ್ಕೆ ಬೇಕಾದುದು ಒಂದು ಒಳ್ಳೆಯ ಪಿಟೀಲು, ಒಂದು ಕೋಣೆ, ಗುರುವಿನ ಒಪ್ಪಿಗೆ, ಮೂವತ್ತು ಹೆಸರುಗಳ ಒಂದು ಪಟ್ಟಿ. ಪಟ್ಟಿಯ ಮೊದಲ ಸಾಲಿನಲ್ಲಿ, "ಚೌಡಯ್ಯನವರು ನಮ್ಮ ಕಡೆಯವರು" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರ ಹೆಸರನ್ನು ಬರೆದುಕೊಳ್ಳಬಹುದು.